ಓದುಗರ ಪ್ರಶ್ನೆಗೆ ಉತ್ತರ: ಸ್ವಯಂಚಾಲಿತ ಸೆಲ್‌ಗೆ ಜಾಬ್ ಬಿಡುವ ಮುನ್ನ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ತೊಂದರೆಯ ಬೇರೆ ಬೇರೆ ಮುಖಗಳು. ಸೆಲ್ ಎಂದರೆ ಒಟ್ಟಿಗೆ ಕೆಲಸ ಮಾಡುವ ಮೆಷಿನ್‌ಗಳು ಮತ್ತು ರೋಬೋಟ್ ಸೇರಿದ ಗುಂಪು, ಜಾಬ್ ಎಂದರೆ ಅದರಲ್ಲಿ ತಯಾರಾಗುವ ಬಿಡಿಭಾಗ. ಮೆಷಿನ್ ಸರಿಯಿದೆ, ರೋಬೋಟ್ ಸರಿಯಿದೆ, ಪ್ರೋಗ್ರಾಂ ಸರಿಯಿದೆ, ಆದರೂ ಜಾಬ್ ಹೊತ್ತಿಗೆ ಸರಿಯಾಗಿ ಹೊರಬರುತ್ತಿಲ್ಲ. ಯಾವ ಜಾಬನ್ನು ಯಾವಾಗ ಒಳಗೆ ಬಿಡಬೇಕು, ಯಾವಾಗ ಬಾಗಿಲಲ್ಲೇ ತಡೆಯಬೇಕು ಎಂಬ ತೀರ್ಮಾನ ಯಾರ ಕೈಯಲ್ಲೂ ಇಲ್ಲದಿರುವುದೇ ಇದಕ್ಕೆ ಮುಖ್ಯ ಕಾರಣ.

ಪ್ರಶ್ನೆ: ನಮ್ಮ ಸೆಲ್‌ನಲ್ಲಿ ಒಂದು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇತ್, ಒಂದು ಮಿಲ್ಲಿಂಗ್ ಮೆಷಿನ್, ನಡುವೆ ಒಂದು ರೋಬೋಟ್. ಒಂದು ತರದ ಜಾಬ್‌ಗೆ ಮೊದಲು ಟರ್ನಿಂಗ್ (ಲೇತ್‌ನ ಕೆಲಸ), ಆಮೇಲೆ ಮಿಲ್ಲಿಂಗ್. ಇನ್ನೊಂದಕ್ಕೆ ಮೊದಲು ಮಿಲ್ಲಿಂಗ್, ಆಮೇಲೆ ಟರ್ನಿಂಗ್. ಎರಡನ್ನೂ ಒಟ್ಟಿಗೆ ಓಡಿಸಲು ಶುರುಮಾಡಿದ ಮೇಲೆ ದಿನಕ್ಕೆ ಒಂದೆರಡು ಸಲ ಸೆಲ್ ಸುಮ್ಮನೆ ನಿಂತುಬಿಡುತ್ತದೆ. ಅಲಾರಂ ಇಲ್ಲ, ಕೆಂಪು ದೀಪವೂ ಇಲ್ಲ. ಕೈಯಲ್ಲಿ ಒಂದು ಜಾಬ್ ತೆಗೆದರೆ ಮತ್ತೆ ಓಡುತ್ತದೆ. ರೋಬೋಟ್ ಪ್ರೋಗ್ರಾಂನಲ್ಲಿ ದೋಷವಿದೆಯೇ?

ಉತ್ತರ: ಪ್ರೋಗ್ರಾಂನ ಯಾವ ಸಾಲಿನಲ್ಲೂ ತಪ್ಪು ಸಿಗುವುದಿಲ್ಲ, ಹುಡುಕಿ ಹೊತ್ತು ಕಳೆಯಬೇಡಿ. ಎರಡು ಜಾಬ್‌ಗಳ ದಾರಿ ಎದುರುಬದುರಾಗಿರುವುದೇ ಕಾರಣ. ಮೊದಲ ತರದ್ದನ್ನು 'ಅ' ಎನ್ನೋಣ, ಎರಡನೆಯದನ್ನು 'ಬ'. ಲೇತ್‌ನಲ್ಲಿ 'ಅ' ಮುಗಿದು ಕೂತಿದೆ, ಅದಕ್ಕೆ ಮಿಲ್ಲಿಂಗ್ ಮೆಷಿನ್ ಖಾಲಿಯಾಗಬೇಕು. ಮಿಲ್ಲಿಂಗ್‌ನಲ್ಲಿ 'ಬ' ಮುಗಿದು ಕೂತಿದೆ, ಅದಕ್ಕೆ ಲೇತ್ ಖಾಲಿಯಾಗಬೇಕು. ಎರಡೂ ಮೆಷಿನ್ 'ಕೆಲಸ ಮುಗಿದಿದೆ, ಸಿದ್ಧ' ಎಂದೇ ಹೇಳುತ್ತಿವೆ, ಹಾಗಾಗಿ ಅಲಾರಂ ಬರುವ ಮಾತೇ ಇಲ್ಲ. ಈ ಕಗ್ಗಂಟಿಗೆ ಡೆಡ್‌ಲಾಕ್ ಎನ್ನುತ್ತಾರೆ.

ಕಂಪ್ಯೂಟರ್ ವಿಜ್ಞಾನದವರು ಇದಕ್ಕೆ ನಾಲ್ಕು ಷರತ್ತುಗಳನ್ನು 1971ರಲ್ಲೇ ಗುರುತಿಸಿದ್ದಾರೆ. ಒಂದು ಜಾಗದಲ್ಲಿ ಒಂದೇ ಜಾಬ್ ಕೂರಬಲ್ಲದು, ಇರುವ ಜಾಗ ಬಿಡದೆ ಇನ್ನೊಂದಕ್ಕೆ ಕಾಯುತ್ತದೆ, ಬಲವಂತವಾಗಿ ಎಬ್ಬಿಸುವಂತಿಲ್ಲ, ಕಾಯುವಿಕೆ ಸುತ್ತು ಹೊಡೆದು ಮೊದಲಿಗೇ ಬಂದು ಸೇರುತ್ತದೆ. ನಾಲ್ಕೂ ಕೂಡಿದರಷ್ಟೇ ಗಂಟು ಬೀಳುತ್ತದೆ. ಮೊದಲ ಮೂರು ನಿಮ್ಮ ಸೆಲ್‌ನ ಹುಟ್ಟುಗುಣ, ಬದಲಿಸಲಾಗದು. ಮುರಿಯಬಹುದಾದದ್ದು ನಾಲ್ಕನೆಯದು ಮಾತ್ರ.

ಹೇಗೆ ಎಂದರೆ, ಮೊದಲ ಕೆಲಸದ ಹಂತದಲ್ಲಿರುವ ಜಾಬ್‌ಗಳನ್ನು, ಅಂದರೆ ಲೇತ್‌ನಲ್ಲಿರುವ 'ಅ' ಮತ್ತು ಮಿಲ್ಲಿಂಗ್‌ನಲ್ಲಿರುವ 'ಬ' ಎರಡನ್ನೂ ಕೂಡಿಸಿ ಎಣಿಸಿ. ಆ ಎಣಿಕೆ ಸುತ್ತಿನಲ್ಲಿರುವ ಜಾಗಗಳಿಗಿಂತ ಯಾವತ್ತೂ ಒಂದು ಕಡಿಮೆ ಇರಬೇಕು. ನಿಮ್ಮಲ್ಲಿ ಜಾಗ ಎರಡು, ಆದ್ದರಿಂದ ಮಿತಿ ಒಂದು. ಸೆಲ್ ನಡೆಸುವ ಕಂಟ್ರೋಲರ್ ಆದ ಪಿಎಲ್‌ಸಿಯಲ್ಲಿ ಇದಕ್ಕೆ ಬೇಕಾದದ್ದು ಒಂದೇ ಒಂದು ಕೌಂಟರ್. ಹೊಸ ಜಾಬ್ ಒಳಗೆ ಬಂದಾಗ ಒಂದು ಕೂಡಿಸಿ, ಅದು ಎರಡನೇ ಮೆಷಿನ್‌ಗೆ ಹತ್ತಿದಾಗ ಒಂದು ಕಳೆಯಿರಿ. ಕೌಂಟರ್ ಮಿತಿ ಮುಟ್ಟಿದ್ದರೆ ಜಾಬ್ ಒಳತರುವ ಇನ್‌ಫೀಡ್ ಕನ್ವೇಯರ್‌ನಿಂದ ರೋಬೋಟ್ ಹೊಸ ಜಾಬ್ ಎತ್ತಕೂಡದು.

ಇಷ್ಟು ಬಿಗಿ ಮಾಡಿದರೆ ಉತ್ಪಾದನೆ ಇಳಿಯುತ್ತದೆ, ನಿಜ. ನಡುವೆ ಒಂದು ಸ್ಟ್ಯಾಂಡ್ ಇಟ್ಟು ಬಫರ್ (ಜಾಬ್ ತಂಗುವ ಜಾಗ) ಮಾಡಿಕೊಳ್ಳಿ, ಮಿತಿ ಎರಡಕ್ಕೆ ಏರುತ್ತದೆ. ಆದರೆ ಬಫರ್ ಬಂತಲ್ಲ ಎಂದು ಎಣಿಕೆಯನ್ನೇ ತೆಗೆದುಹಾಕುವವರಿದ್ದಾರೆ. ಆಗ ಆಗುವುದನ್ನು ನೋಡಿ: ಲೇತ್ ಮುಗಿಸಿದ ಒಂದು 'ಅ' ಬಫರ್‌ಗೆ ಹೋಯಿತು, ಖಾಲಿಯಾದ ಲೇತ್‌ಗೆ ರೋಬೋಟ್ ಇನ್ನೊಂದು 'ಅ' ಹತ್ತಿಸಿತು, ಮಿಲ್ಲಿಂಗ್‌ನಲ್ಲಿ 'ಬ' ಇದೆ. ಮೂರು ಜಾಗ, ಮೂರು ಜಾಬ್, ಮತ್ತೆ ಅದೇ ಗಂಟು. ಬಫರ್ ಗಂಟನ್ನು ಬಿಡಿಸುವುದಿಲ್ಲ, ಮುಂದಕ್ಕೆ ತಳ್ಳುತ್ತದೆ ಅಷ್ಟೆ.

ರೋಬೋಟ್‌ನ ಕೈಯೂ ಒಂದು ಜಾಗವೇ. ಒಂದೇ ಗ್ರಿಪ್ಪರ್ ಇರುವ ರೋಬೋಟ್ ಹೊಸ ಜಾಬ್ ಎತ್ತಿಕೊಂಡು ಲೇತ್ ಮುಂದೆ ಬಂದು ನಿಂತಿದೆ, ಲೇತ್‌ನೊಳಗೆ ಮುಗಿದ ಜಾಬ್ ಕೂತಿದೆ ಎಂದರೆ ಅಲ್ಲಿಗೆ ಮುಗಿಯಿತು. ಅದಕ್ಕೇ ಎತ್ತುವ ಮೊದಲೇ ಇಳಿಸುವ ಜಾಗ ಕಾಯ್ದಿರಿಸಿ. ಜಾಗ ಖಾಲಿ ಇದೆಯೇ, ಬೇರೆ ಯಾರಿಗೂ ಮೀಸಲಾಗಿಲ್ಲವೇ ಎಂದು ನೋಡಿ, ಮೀಸಲು ಮಾಡಿ, ಆಮೇಲಷ್ಟೇ ಎತ್ತುವ ಆದೇಶ ಹೋಗಲಿ.

ಗಂಟು ಬಿದ್ದಾಗ ಕೈಯಲ್ಲಿ ಜಾಬ್ ತೆಗೆಯುತ್ತೀರಿ ಎಂದಿದ್ದೀರಿ. ತೆಗೆದ ಕೂಡಲೇ ಕಂಟ್ರೋಲರ್‌ನ ಜಾಬ್ ಪಟ್ಟಿಯಲ್ಲೂ ಆ ಜಾಗ ಖಾಲಿ ಎಂದು ತಿದ್ದಿ. ಇಲ್ಲವಾದರೆ ಇಲ್ಲದ ಜಾಬ್ ಅಲ್ಲಿದೆ ಎಂದು ಸೆಲ್ ನಂಬಿಕೊಂಡಿರುತ್ತದೆ. ಜಾಬ್‌ಗಳ ತರ ಮೂರು ನಾಲ್ಕು ದಾಟಿದರೆ ಸುತ್ತುಗಳನ್ನು ಕಣ್ಣಳತೆಯಲ್ಲಿ ಹುಡುಕಲಾಗದು. ಆಗ ಪೆಟ್ರಿ ನೆಟ್ ಬರೆದು ನೋಡುವುದು ಒಳ್ಳೆಯದು. ಕಾರ್ಲ್ ಆಡಮ್ ಪೆಟ್ರಿ 1962ರ ತಮ್ಮ ಪ್ರಬಂಧದಲ್ಲಿ ಮಂಡಿಸಿದ ಚಿತ್ರಪದ್ಧತಿ ಇದು. ಜಾಗಗಳಿಗೆ ವೃತ್ತ, ಚಲನೆಗಳಿಗೆ ಗೆರೆ, ಜಾಬ್‌ಗಳಿಗೆ ಚುಕ್ಕೆ. ಯಾವ ಗೆರೆಯೂ ಚುಕ್ಕೆಯನ್ನು ಮುಂದೆ ದಾಟಿಸಲಾಗದ ಸ್ಥಿತಿ ಎಲ್ಲಿ ಬರುತ್ತದೆ ಎಂಬುದನ್ನು ಮೆಷಿನ್ ಮುಟ್ಟದೆಯೇ ಕಂಡುಹಿಡಿಯಬಹುದು.

ಪ್ರಶ್ನೆ: ಮೆಷಿನ್ ಒಂದು ನಿಮಿಷವೂ ಖಾಲಿ ಇರಬಾರದು ಎಂದು ಮೇಲಿನವರ ಆದೇಶ. ಲೋಡ್ (ಮೆಷಿನ್ ಕೆಲಸದಲ್ಲಿರುವ ಹೊತ್ತಿನ ಪಾಲು) 80ರಿಂದ 95 ಶೇಕಡಕ್ಕೆ ಏರಿಸಿದೆವು. ಈಗ ಪ್ರತಿ ಜಾಬ್ ಹೊರಬರಲು ಮೊದಲಿಗಿಂತ ಹಲವು ಪಟ್ಟು ಹೊತ್ತು ಹಿಡಿಯುತ್ತಿದೆ. ಎಲ್ಲಿ ತಪ್ಪಿದೆವು?

ಉತ್ತರ: ತಪ್ಪಿದ್ದು ಆ ಆದೇಶದಲ್ಲೇ. ಜಾಬ್ ಬರುವ ಹೊತ್ತಿನಲ್ಲೂ ಕೆಲಸದ ಹೊತ್ತಿನಲ್ಲೂ ಏರುಪೇರು ಇರುವ ಕಡೆ ಲೋಡ್ ಏರಿದಂತೆ ಸಾಲು ನೇರವಾಗಿ ಬೆಳೆಯುವುದಿಲ್ಲ, ಕೊನೆಕೊನೆಗೆ ಚಿಮ್ಮುತ್ತದೆ. ಜಾನ್ ಕಿಂಗ್‌ಮನ್ 1961ರಲ್ಲಿ ಕೊಟ್ಟ ಅಂದಾಜು ಸೂತ್ರ ಇದನ್ನು ಚೆನ್ನಾಗಿ ತೋರಿಸುತ್ತದೆ. ಲೋಡನ್ನು ಉಳಿದ ಖಾಲಿ ಪಾಲಿನಿಂದ ಭಾಗಿಸಿ, ಏರುಪೇರಿನ ಅಂಶದಿಂದ ಮತ್ತು ಸರಾಸರಿ ಕೆಲಸದ ಹೊತ್ತಿನಿಂದ ಗುಣಿಸಿದರೆ ಸಾಲಿನಲ್ಲಿ ಕಾಯುವ ಸರಾಸರಿ ಹೊತ್ತು ಸಿಗುತ್ತದೆ.

ಸರಾಸರಿ ಕೆಲಸ 6 ನಿಮಿಷ, ಏರುಪೇರಿನ ಅಂಶ 1 ಎಂದಿಟ್ಟುಕೊಳ್ಳಿ. 80 ಶೇಕಡ ಲೋಡ್‌ನಲ್ಲಿ ಕಾಯುವುದು 24 ನಿಮಿಷ. 90ರಲ್ಲಿ 54 ನಿಮಿಷ. 95ರಲ್ಲಿ 114 ನಿಮಿಷ. ಆರು ನಿಮಿಷದ ಕೆಲಸಕ್ಕೆ ಹತ್ತಿರ ಹತ್ತಿರ ಎರಡು ಗಂಟೆ ಕಾಯುವಿಕೆ! ಲೋಡ್ ಇಳಿಸಲು ಒಪ್ಪುವುದಿಲ್ಲವೆಂದರೆ ಉಳಿದ ಹಿಡಿಕೆ ಏರುಪೇರು ಒಂದೇ. ಅದನ್ನು ಅರ್ಧಕ್ಕಿಳಿಸಿದರೆ 95 ಶೇಕಡದಲ್ಲೂ ಕಾಯುವಿಕೆ 57 ನಿಮಿಷಕ್ಕೆ ಬರುತ್ತದೆ.

ಏರುಪೇರು ಎಲ್ಲಿಂದ ಬರುತ್ತದೆ? ದೊಡ್ಡ ಬ್ಯಾಚ್, ಉದ್ದನೆಯ ಸೆಟ್ಟಿಂಗ್ (ಹೊಸ ಜಾಬ್‌ಗೆ ಮೆಷಿನ್ ಸಜ್ಜು ಮಾಡುವುದು), ಬ್ರೇಕ್‌ಡೌನ್. ಬ್ರೇಕ್‌ಡೌನ್‌ನಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿ ಇದೆ. ಒಂದು ಮೆಷಿನ್ 54 ನಿಮಿಷ ಓಡಿ 6 ನಿಮಿಷ ನಿಲ್ಲುತ್ತದೆ, ಇನ್ನೊಂದು 9 ಗಂಟೆ ಓಡಿ 1 ಗಂಟೆ ನಿಲ್ಲುತ್ತದೆ. ವರದಿಯಲ್ಲಿ ಎರಡಕ್ಕೂ 90 ಶೇಕಡ ಲಭ್ಯತೆ. ಸಾಲನ್ನು ಹೆಚ್ಚು ಕೆಡಿಸುವುದು ಎರಡನೆಯದು, ಏಕೆಂದರೆ ಒಂದು ಗಂಟೆಯಲ್ಲಿ ಅದರ ಹಿಂದೆ ಬೆಳೆದ ಗುಡ್ಡೆ ಕರಗಲು 95 ಶೇಕಡ ಲೋಡ್ ಹೋಗಿ ಉಳಿದ 5 ಶೇಕಡದ ಬಿಡುವು ಸಾಲದು. ಅಪರೂಪಕ್ಕೆ ಬಂದು ಬಹಳ ಹೊತ್ತು ಕೂರುವ ರಿಪೇರಿಗೆ ಬೇಕಾದ ಬಿಡಿಭಾಗವನ್ನು ಮೊದಲೇ ತಂದಿಟ್ಟುಕೊಳ್ಳಿ.

ಜತೆಗೆ ಒಳಗಿರುವ ಜಾಬ್‌ಗಳ ಸಂಖ್ಯೆಗೆ ಕಟ್ಟು ಹಾಕಿ. ಒಂದು ಹೊರಗೆ ಹೋದ ಮೇಲೆ ಇನ್ನೊಂದು ಒಳಗೆ, ಅದಕ್ಕೂ ಮೊದಲು ಬೇಡ. ಬೇಗ ಒಳಗೆ ಬಿಟ್ಟ ಜಾಬ್ ಬೇಗ ಹೊರಬರುವುದಿಲ್ಲ, ಒಳಗೆ ಕೂತು ಕಾಯುತ್ತದೆ. ಕಾಯುವುದಾದರೆ ಆರ್ಡರ್ ಕಾಗದದ ಮೇಲೆಯೇ ಕಾಯಲಿ. ಅಲ್ಲಿದ್ದಾಗ ಸರದಿ ಬದಲಿಸಬಹುದು, ರದ್ದು ಮಾಡಬಹುದು. ಜಾಬನ್ನು ಬಿಗಿಯಾಗಿ ಹಿಡಿದಿಡುವ ಫಿಕ್ಸ್ಚರ್‌ಗೆ ಕಟ್ಟಿದ ಮೇಲೆ ಅದು ಸುಲಭವಲ್ಲ.

ಪ್ರಶ್ನೆ: ಐದು ಜಾಬ್‌ಗಳು ಒಂದು ಮೆಷಿನಿಂಗ್ ಸೆಂಟರ್ ದಾಟಿ ಒಂದು ತಪಾಸಣಾ ಮೆಷಿನ್‌ಗೆ ಹೋಗಬೇಕು. ಮೆಷಿನಿಂಗ್ ಮತ್ತು ತಪಾಸಣೆಯ ನಿಮಿಷಗಳು ಕ್ರಮವಾಗಿ: ಕ 12 ಮತ್ತು 5, ಖ 4 ಮತ್ತು 9, ಗ 15 ಮತ್ತು 10, ಘ 7 ಮತ್ತು 14, ಚ 10 ಮತ್ತು 3. ಯಾವ ಸರದಿಯಲ್ಲಿ ಬಿಟ್ಟರೆ ಎಲ್ಲ ಬೇಗ ಮುಗಿಯುತ್ತವೆ?

ಉತ್ತರ: ಎರಡೇ ಮೆಷಿನ್ ಆದ್ದರಿಂದ ನಿಖರ ಉತ್ತರ ಕಾಗದದ ಮೇಲೇ ಸಿಗುತ್ತದೆ. ಎಸ್.ಎಂ. ಜಾನ್ಸನ್ 1954ರಲ್ಲಿ ತೋರಿಸಿದ ನಿಯಮ ಇದು: ಹತ್ತೂ ಅಂಕಿಗಳಲ್ಲಿ ಅತಿ ಚಿಕ್ಕದನ್ನು ಹುಡುಕಿ. ಅದು ಮೊದಲ ಮೆಷಿನ್‌ನದಾದರೆ ಆ ಜಾಬ್ ಮುಂದೆ, ಎರಡನೆಯದರದ್ದಾದರೆ ಹಿಂದೆ. ಅದನ್ನು ಹೊಡೆದುಹಾಕಿ ಉಳಿದವುಗಳಲ್ಲಿ ಇದನ್ನೇ ಮಾಡುತ್ತ ಬನ್ನಿ. ನಿಮ್ಮ ಪಟ್ಟಿಯಲ್ಲಿ ಚ ಕೊನೆಗೆ ಹೋಗುತ್ತದೆ, ಖ ಮೊದಲಿಗೆ ಬರುತ್ತದೆ, ಕ ಕೊನೆಯಿಂದ ಎರಡನೆಯದು, ಘ ಮೊದಲಿಂದ ಎರಡನೆಯದು, ಗ ನಡುವೆ. ಸರದಿ ಖ, ಘ, ಗ, ಕ, ಚ. ಒಟ್ಟು 51 ನಿಮಿಷ.

ಕ, ಖ, ಗ, ಘ, ಚ ಎಂದು ಬಂದ ಸಾಲಿನಲ್ಲೇ ಬಿಟ್ಟಿದ್ದರೆ 58 ನಿಮಿಷ ಆಗುತ್ತಿತ್ತು. 51ಕ್ಕಿಂತ ಕೆಳಗೆ ಇಳಿಸಲು ಯಾರಿಂದಲೂ ಆಗದು: ಮೆಷಿನಿಂಗ್ ಒಟ್ಟು 48 ನಿಮಿಷ, ಕೊನೆಯ ಜಾಬ್‌ನ ತಪಾಸಣೆ ಎಷ್ಟು ಚಿಕ್ಕದಾದರೂ 3 ನಿಮಿಷ.

ಇಲ್ಲೊಂದು ಎಚ್ಚರಿಕೆ. ಎರಡು ಮೆಷಿನ್ ನಡುವೆ ಜಾಬ್ ಇಡಲು ಜಾಗ ಇದೆ ಎಂದು ನಿಯಮ ಎಣಿಸುತ್ತದೆ. ಈ ಸರದಿಯಲ್ಲಿ ಘ 11ನೇ ನಿಮಿಷಕ್ಕೆ ಮೆಷಿನಿಂಗ್ ಮುಗಿಸುತ್ತದೆ, ಆದರೆ ತಪಾಸಣೆಯಲ್ಲಿ ಖ 13ರವರೆಗೆ ಇರುತ್ತದೆ. ನಡುವೆ ಒಂದು ಸ್ಟ್ಯಾಂಡ್ ಇದ್ದರೆ ಸಾಕು, 51 ಉಳಿಯುತ್ತದೆ. ಸ್ಟ್ಯಾಂಡ್ ಇಲ್ಲವಾದರೆ ಘ ಮೆಷಿನಿಂಗ್ ಸೆಂಟರ್‌ನಲ್ಲೇ ಎರಡು ನಿಮಿಷ ಕೂತು ಮುಂದಿನದನ್ನು ತಡೆಯುತ್ತದೆ, ಒಟ್ಟು 53ಕ್ಕೆ ಹೋಗುತ್ತದೆ. ರೋಬೋಟ್ ಓಡಾಡುವ ಹೊತ್ತು ಇದರಲ್ಲಿ ಸೇರಿಲ್ಲ.

ಪ್ರಶ್ನೆ: ಕಂಪ್ಯೂಟರ್ ಇಷ್ಟು ವೇಗವಾಗಿರುವಾಗ ಇಡೀ ಶಾಪ್‌ಗೆ ಅತ್ಯುತ್ತಮ ಶೆಡ್ಯೂಲ್ ಹಾಕಿಸಿ, ಏನಾದರೂ ಬದಲಾದಾಗಲೆಲ್ಲ ಮತ್ತೆ ಹಾಕಿಸಬಹುದಲ್ಲ?

ಉತ್ತರ: ಅತ್ಯುತ್ತಮ ಎಂದು ಸಾಬೀತುಪಡಿಸುವುದು ನೀವು ಅಂದುಕೊಂಡದ್ದಕ್ಕಿಂತ ಬಹಳ ಕಷ್ಟ. ಹತ್ತು ಜಾಬ್, ಹತ್ತು ಮೆಷಿನ್‌ನ ಒಂದು ಮಾದರಿ ಲೆಕ್ಕ 1963ರಲ್ಲಿ ಪ್ರಕಟವಾಯಿತು. ಎಲ್ಲ ಜಾಬ್ ಮುಗಿಯಲು ಹಿಡಿಯುವ ಹೊತ್ತು 930 ಕಾಲಮಾನ, ಅದಕ್ಕಿಂತ ಕಡಿಮೆ ಸಾಧ್ಯವಿಲ್ಲ ಎಂದು ಕಾರ್ಲಿಯೆ ಮತ್ತು ಪಿನ್ಸನ್ ಎಂಬ ಸಂಶೋಧಕರು ಸಾಬೀತು ಮಾಡಿದ್ದು 1989ರಲ್ಲಿ. ಇಂದಿನ ಸಾಫ್ಟ್‌ವೇರ್ ಅದನ್ನು ಬೇಗ ಬಿಡಿಸುತ್ತದೆ, ಆದರೆ ನಿಜವಾದ ಶಾಪ್‌ನ ಗಾತ್ರ ಹತ್ತಕ್ಕೆ ನಿಲ್ಲುವುದಿಲ್ಲ. ಸಾಕಷ್ಟು ಒಳ್ಳೆಯ ಶೆಡ್ಯೂಲ್ ಎರಡು ನಿಮಿಷದಲ್ಲಿ ಸಿಕ್ಕರೆ ಅದನ್ನೇ ಹಿಡಿಯಿರಿ.

ಪದೇಪದೇ ಮತ್ತೆ ಹಾಕಿಸುವುದು ಬೇಡವೇ ಬೇಡ. ಹತ್ತು ನಿಮಿಷಕ್ಕೊಮ್ಮೆ ಸರದಿ ಬದಲಾದರೆ ಟೂಲ್ ತಂದಿಟ್ಟವರ ಶ್ರಮ, ಫಿಕ್ಸ್ಚರ್ ಕಟ್ಟಿದವರ ಶ್ರಮ ಎಲ್ಲ ನೀರುಪಾಲು. ಒಂದು ಸೆಟ್ಟಿಂಗ್‌ಗೂ ಟೂಲ್ ಸಿದ್ಧಪಡಿಸಲೂ ಎಷ್ಟು ಹೊತ್ತು ಬೇಕೋ ಕನಿಷ್ಠ ಅಷ್ಟು ಹೊತ್ತಿನ ಸರದಿಗೆ ಬೀಗ ಹಾಕಿ. ಮೆಷಿನ್ ಕೆಟ್ಟರೆ, ಟೂಲ್ ಮುರಿದರೆ ಮಾತ್ರ ಬೀಗ ತೆಗೆಯಿರಿ. ಬೀಗದ ಆಚೆಗಿನದನ್ನು ಶಿಫ್ಟ್‌ಗೊಮ್ಮೆ ಹೊಸದಾಗಿ ಹಾಕಿಸಿ.

ನಡುವೆ ಮೆಷಿನ್ ಖಾಲಿಯಾಗಿ ಮುಂದಿನದು ಯಾವುದು ಎಂಬ ಪ್ರಶ್ನೆ ಬಂದಾಗ ಸರಳ ನಿಯಮ ಸಾಕು. ಚಿಕ್ಕ ಕೆಲಸ ಮೊದಲು ಎಂಬ ನಿಯಮ ಸರಾಸರಿ ಹೊತ್ತನ್ನು ಇಳಿಸುತ್ತದೆ, ಆದರೆ ದೊಡ್ಡ ಜಾಬ್ ಮೂಲೆಯಲ್ಲೇ ಉಳಿದುಬಿಡುತ್ತದೆ. ಗಡುವಿಗೆ ಉಳಿದ ಹೊತ್ತನ್ನು ಉಳಿದ ಕೆಲಸದ ಹೊತ್ತಿನಿಂದ ಭಾಗಿಸಿ ಚಿಕ್ಕ ಅಂಕಿ ಮೊದಲು ಎನ್ನುವುದು ನಮ್ಮ ಆಯ್ಕೆ. 10 ಗಂಟೆ ಉಳಿದು 8 ಗಂಟೆ ಕೆಲಸವಿದ್ದರೆ 1.25. 6 ಗಂಟೆ ಉಳಿದು 7 ಗಂಟೆ ಕೆಲಸವಿದ್ದರೆ 0.86, ಅದು ಈಗಾಗಲೇ ತಡ. ಉಳಿದ ಕೆಲಸಕ್ಕೆ ಮುಂದಿನ ಸಾಲುಗಳಲ್ಲಿ ಕಾಯುವ ಹೊತ್ತನ್ನೂ ಸೇರಿಸಿ, ಇಲ್ಲದಿದ್ದರೆ ಎಲ್ಲ ಜಾಬ್‌ಗಳೂ ಆರಾಮವಾಗಿಯೇ ಕಾಣುತ್ತವೆ.

ಪ್ರಶ್ನೆ: ಮೂರು ಮೆಷಿನಿಂಗ್ ಸೆಂಟರ್, ಒಂದೊಂದರಲ್ಲಿ ಪ್ಯಾಲೆಟ್‌ಗೆ (ಜಾಬ್ ಕಟ್ಟಿ ಮೆಷಿನ್‌ಗೆ ಕಳಿಸುವ ಹಲಗೆ) 24 ನಿಮಿಷದ ಕೆಲಸ. ಎಷ್ಟು ಪ್ಯಾಲೆಟ್ ಬೇಕು? ರಾತ್ರಿ 8 ಗಂಟೆ ಯಾರೂ ಇಲ್ಲದೆ ಓಡಿಸುವ ಆಸೆಯೂ ಇದೆ.

ಉತ್ತರ: ಹಗಲಿನದು ಮೊದಲು. ಮೂರೂ ಓಡಿದರೆ 8 ನಿಮಿಷಕ್ಕೊಂದು, ಗಂಟೆಗೆ 7.5 ಪ್ಯಾಲೆಟ್. ಒಂದು ಪ್ಯಾಲೆಟ್ ಪೂರ್ತಿ ಸುತ್ತು ಬರಲು ಕಟ್ಟುವುದು 6, ಹೋಗುವುದು 4, ಕೆಲಸ 24, ಬರುವುದು 4, ಬಿಚ್ಚುವುದು 6, ಒಟ್ಟು 44 ನಿಮಿಷ ಎನ್ನಿ. ಒಳಗಿರುವ ಸಂಖ್ಯೆ ಎಂದರೆ ಹೊರಬರುವ ವೇಗ ಗುಣಿಸು ಒಳಗಿರುವ ಹೊತ್ತು. ಜಾನ್ ಲಿಟಲ್ 1961ರಲ್ಲಿ ಸಾಬೀತು ಮಾಡಿದ ನಿಯಮ ಇದು. 7.5 ಗುಣಿಸು 44 ಭಾಗಿಸು 60 ಎಂದರೆ 5.5, ಅಂದರೆ 6. ಕಾಯುವಿಕೆಗೆಂದು ಒಂದೆರಡು ಹೆಚ್ಚು ಇಟ್ಟು 7 ಅಥವಾ 8 ಮಾಡಿ. ಹತ್ತು ಹನ್ನೆರಡು ಹಾಕಿದರೆ ಉತ್ಪಾದನೆ ಏರುವುದಿಲ್ಲ, ಸಾಲು ಮಾತ್ರ ಬೆಳೆಯುತ್ತದೆ.

ರಾತ್ರಿಯ ಲೆಕ್ಕವೇ ಬೇರೆ, ಏಕೆಂದರೆ ಕಟ್ಟುವವರಿಲ್ಲ. 8 ಗಂಟೆಯಲ್ಲಿ ಒಂದೊಂದು ಮೆಷಿನ್ 20 ಪ್ಯಾಲೆಟ್ ಮುಗಿಸುತ್ತದೆ, ಮೂರೂ ಸೇರಿ 60. ಅಷ್ಟು ಪ್ಯಾಲೆಟ್‌ಗೆ ರ‍್ಯಾಕ್‌ನಲ್ಲಿ ಜಾಗ ಎಲ್ಲಿ? ನಾಲ್ಕು ಮುಖದ ಫಿಕ್ಸ್ಚರ್‌ನಲ್ಲಿ ಮುಖಕ್ಕೊಂದು ಜಾಬ್ ಕಟ್ಟಿದರೆ ಪ್ಯಾಲೆಟ್ ಒಂದಕ್ಕೆ 96 ನಿಮಿಷ, 15 ಪ್ಯಾಲೆಟ್ ಸಾಕು.

ಆದರೆ ರಾತ್ರಿ ಓಟ ನಿಲ್ಲಿಸುವುದು ಹೆಚ್ಚಾಗಿ ಟೂಲ್. ಒಂದು ಡ್ರಿಲ್‌ನ ಆಯುಸ್ಸು 48 ನಿಮಿಷದ ಕಟಿಂಗ್, ಒಂದು ಜಾಬ್‌ಗೆ ಅದು 7 ನಿಮಿಷ ಕೆಲಸ ಮಾಡುತ್ತದೆ ಎಂದುಕೊಳ್ಳಿ. ಒಂದು ಮೆಷಿನ್‌ಗೆ 20 ಜಾಬ್, ಒಟ್ಟು 140 ನಿಮಿಷ, 48ರಿಂದ ಭಾಗಿಸಿದರೆ ಮೂರಕ್ಕಿಂತ ಸ್ವಲ್ಪ ಕಡಿಮೆ, ಮೂರು ಡ್ರಿಲ್ ಸಾಕು ಎನಿಸುತ್ತದೆ. ಸಾಲದು. ಅರ್ಧ ಕೊರೆದು ನಡುವೆ ಡ್ರಿಲ್ ಬದಲಿಸುವಂತಿಲ್ಲ. ಒಂದು ಡ್ರಿಲ್ ಪೂರ್ತಿ ಮುಗಿಸಬಲ್ಲದ್ದು 6 ಜಾಬ್, 42 ನಿಮಿಷ. ಉಳಿದ 6 ನಿಮಿಷ ಬಳಕೆಗೆ ಬಾರದು. ಮೂರು ಡ್ರಿಲ್‌ಗೆ 18 ಜಾಬ್ ಮುಗಿದು ಹತ್ತೊಂಬತ್ತನೆಯದು ನಿಲ್ಲುತ್ತದೆ, ಆದ್ದರಿಂದ ನಾಲ್ಕು ಬೇಕು. ಪ್ಯಾಲೆಟ್ ಒಳಗೆ ಬಿಡುವ ಮೊದಲೇ ಅದರ ಎಲ್ಲ ಟೂಲ್‌ಗಳ ಉಳಿದ ಆಯುಸ್ಸು ಸಾಕೇ ಎಂದು ಕಂಟ್ರೋಲರ್ ನೋಡಲಿ, ಸಾಲದಿದ್ದರೆ ಆ ಪ್ಯಾಲೆಟ್ ಬಿಟ್ಟು ಮುಂದಿನದನ್ನು ಕರೆಯಲಿ.

ಪ್ರಶ್ನೆ: ರೋಬೋಟ್ ಜಾಬ್ ಇಡದಿದ್ದರೂ ಮೆಷಿನ್ 'ಜಾಬ್ ಇದೆ' ಎಂದು ಹೇಳಿ ಸೈಕಲ್ ಶುರು ಮಾಡುತ್ತದೆ. ಕೆಲವು ಸಲ ಒಂದೇ ಜಾಬ್‌ಗೆ ಎರಡು ಸಲ ಸೈಕಲ್ ಓಡುತ್ತದೆ. ಸೆನ್ಸರ್ ಬದಲಿಸಿದರೂ ಮತ್ತೆ ಅದೇ.

ಉತ್ತರ: ಇವು ಎರಡು ಬೇರೆ ತೊಂದರೆಗಳು.

ಮೊದಲನೆಯದಕ್ಕೆ ಸೆನ್ಸರ್‌ನ ಮುಖವನ್ನು ಟಾರ್ಚ್ ಹಿಡಿದು ನೋಡಿ. ಇಂಡಕ್ಟಿವ್ ಸೆನ್ಸರ್ ಕೆಲವೇ ಮಿಲಿಮೀಟರ್ ದೂರದ ಲೋಹವನ್ನು ಗುರುತಿಸುತ್ತದೆ. ಕೂಲೆಂಟ್ (ತಂಪು ಮಾಡುವ ದ್ರವ) ಜಿಡ್ಡಿಗೆ ಅಂಟಿಕೊಂಡ ಒಂದು ಉಕ್ಕಿನ ಚಿಪ್, ಅಂದರೆ ಕತ್ತರಿಸಿದ ಚೂರು, ಅದರ ಕಣ್ಣಿಗೆ ಜಾಬ್‌ನಂತೆಯೇ ಕಾಣುತ್ತದೆ. ಹೊಸ ಸೆನ್ಸರ್ ಹಾಕಿದಾಗ ಒಂದೆರಡು ಶಿಫ್ಟ್ ಸರಿ ಇದ್ದು ಮತ್ತೆ ಕೆಟ್ಟಿತು ಎಂದರೆ ಬಹುಶಃ ಇದೇ. ಪ್ರತಿ ಲೋಡ್‌ಗೂ ಮೊದಲು ಏರ್ ಬ್ಲೋ ಕೊಡಿ. ಪ್ರೋಗ್ರಾಂನಲ್ಲಿ ಸೆನ್ಸರ್ ಆನ್ ಇದೆಯೇ ಎಂದಷ್ಟೇ ಕೇಳಬೇಡಿ. ಹಳೆಯ ಜಾಬ್ ತೆಗೆದ ಮೇಲೆ ಆಫ್ ಆಯಿತೇ, ಹೊಸದು ಇಟ್ಟ ಮೇಲೆ ಆನ್ ಆಯಿತೇ, ಎರಡನ್ನೂ ಕೇಳಿ. ಆಫ್ ಆಗದಿದ್ದರೆ ಹೊಸ ಜಾಬ್ ತರುವ ಮೊದಲೇ ಅಲಾರಂ ಬರಲಿ. ಎತ್ತುವಾಗ ಗ್ರಿಪ್ಪರ್ ಪೂರ್ತಿ ಮುಚ್ಚಿಕೊಂಡರೆ ಕೈಯಲ್ಲಿ ಜಾಬ್ ಇಲ್ಲ ಎಂದರ್ಥ, ಅದನ್ನೂ ಪರೀಕ್ಷೆಗೆ ಸೇರಿಸಿ.

ಎರಡನೆಯದು ಸಂಕೇತಗಳ ಮಾತುಕತೆಯ ದೋಷ. ಸೆಲ್ ಕಂಟ್ರೋಲರ್ 'ಶುರು' ಎನ್ನುತ್ತದೆ, ಮೆಷಿನ್ ಶುರುಮಾಡುತ್ತದೆ, ಆದರೆ 'ಕೇಳಿಸಿತು' ಎಂಬ ಮರುಸಂಕೇತ ದಾರಿಯಲ್ಲಿ ಕಳೆದುಹೋಗುತ್ತದೆ. ಕಂಟ್ರೋಲರ್ ಕಾದು ಕಾದು ಮತ್ತೆ 'ಶುರು' ಕಳಿಸುತ್ತದೆ. ಮೊದಲ ಸೈಕಲ್ ಅಷ್ಟರಲ್ಲಿ ಮುಗಿದಿದ್ದರೆ ಎರಡನೆಯದು ಓಡುತ್ತದೆ. ಪರಿಹಾರ ನಾಲ್ಕು ಹೆಜ್ಜೆಯ ಹ್ಯಾಂಡ್‌ಶೇಕ್. ಕಂಟ್ರೋಲರ್ ಕೋರಿಕೆಯನ್ನು ಆನ್ ಮಾಡಿ ಹಿಡಿದಿರುತ್ತದೆ. ಮೆಷಿನ್ ಒಪ್ಪಿಗೆ ಆನ್ ಮಾಡುತ್ತದೆ. ಅದನ್ನು ಕಂಡು ಕಂಟ್ರೋಲರ್ ಕೋರಿಕೆ ಆಫ್ ಮಾಡುತ್ತದೆ. ಅದನ್ನು ಕಂಡು ಮೆಷಿನ್ ಒಪ್ಪಿಗೆ ಆಫ್ ಮಾಡುತ್ತದೆ. ನಾಲ್ಕೂ ಮುಗಿಯದೆ ಹೊಸ ಕೋರಿಕೆ ಇಲ್ಲ. ಅರ್ಧ ಸೆಕೆಂಡ್ ಆನ್ ಮಾಡಿ ಆಫ್ ಮಾಡುವ ಪಲ್ಸ್ ಪದ್ಧತಿ ಇದ್ದರೆ ಇವತ್ತೇ ತೆಗೆದುಹಾಕಿ.

ಇದರ ಮೇಲೆ ಪ್ರತಿ ಆದೇಶಕ್ಕೂ ಒಂದು ಕ್ರಮಸಂಖ್ಯೆ ಕೊಡಿ. ಕಳೆದ ಸಲ ಮುಗಿಸಿದ ಸಂಖ್ಯೆಯೇ ಮತ್ತೆ ಬಂದರೆ ಮೆಷಿನ್ 'ಇದು ಮುಗಿದಿದೆ' ಎಂದು ಉತ್ತರಿಸಬೇಕು, ಓಡಬಾರದು. ಆ ಸಂಖ್ಯೆಯನ್ನು ಪಿಎಲ್‌ಸಿಯ ಕರೆಂಟ್ ಹೋದರೂ ಅಳಿಯದ ಮೆಮೊರಿಯಲ್ಲಿಡಿ. ಸಾಮಾನ್ಯ ಮೆಮೊರಿಯಲ್ಲಿಟ್ಟರೆ ಕರೆಂಟ್ ಬಂದ ಮೇಲಿನ ಮೊದಲ ಜಾಬ್‌ಗೇ ಎರಡು ಸೈಕಲ್ ಬೀಳಬಹುದು.